ಗಣಿ ಊರಿನ ಬಡಗಿಗಳು ಮತ್ತು ಕಾರ್ಮಿಕ ಸಂಘ: ಕೋಲಾರ ಚಿನ್ನದ ಗಣಿಯ ಇತಿಹಾಸ

ಹೇಮಾವತಿ: ಮಡಕಶಿರಾ, ರಾಯದುರ್ಗ ಭಾಗದವರಿಗೆ ಗಣಿ ಎಂದರೆ ಮೊದಲು ನೆನಪಾಗುವುದು ಓಬಳಾಪುರದ ಕಬ್ಬಿಣದ ಅದಿರು ಮತ್ತು ರಾಮಗಿರಿಯ ಚಿನ್ನ. ಗಣಿ ಕೆಲಸಗಾರ ಎಂದರೆ ಸುತ್ತಿಗೆ, ಹಾರೆ ಹಿಡಿದವನೇ ಕಣ್ಣ ಮುಂದೆ ಬರುತ್ತಾನೆ. ಆದರೆ ನೆಲದ ಒಳಗಿನ ಗಣಿ ನಡೆಯಬೇಕಾದರೆ ಬಡಗಿಯೂ ಬೇಕು. ಕನ್ನಡದಲ್ಲಿ ಬಡಗಿ, ತೆಲುಗಿನಲ್ಲಿ ವಡ್ರಂಗಿ, ತಮಿಳಿನಲ್ಲಿ ತಚ್ಚನ್ ಎಂದು ಕರೆಸಿಕೊಳ್ಳುವ ಈ ಕಸುಬುದಾರರು ಗಣಿ ಊರಿನಲ್ಲಿ ಹೇಗೆ ಸಂಘಟಿತರಾದರು ಎಂಬುದನ್ನು ತಿಳಿಯಲು ಈ ಮೂರು ಭಾಷೆಗಳೂ ಕೂಡಿದ ಕೋಲಾರ ಚಿನ್ನದ ಗಣಿಯ (ಕೆ.ಜಿ.ಎಫ್.) ಇತಿಹಾಸವನ್ನು ನೋಡಬೇಕು.

ಗಣಿಯಲ್ಲಿ ಬಡಗಿಯ ಕೆಲಸ

ಓಬಳಾಪುರದಂತಹ ತೆರೆದ ಗಣಿಯಲ್ಲಿ ಮೇಲಿನಿಂದ ಅಗೆಯುತ್ತಾ ಹೋಗುತ್ತಾರೆ. ಅಲ್ಲಿ ಚಾವಣಿ ಇಲ್ಲ, ಅದನ್ನು ಹಿಡಿದು ನಿಲ್ಲಿಸುವ ಕಂಬವೂ ಬೇಕಿಲ್ಲ. ನೆಲದಡಿಯ ಗಣಿಯ ಮಾತೇ ಬೇರೆ. ಅದಿರು ತೆಗೆದಂತೆಲ್ಲಾ ಒಳಗೆ ಖಾಲಿ ಜಾಗ ಬೀಳುತ್ತದೆ. ಮೇಲಿನ ಬಂಡೆ ಕುಸಿಯದಂತೆ ಮರದ ಕಂಬ, ಅಡ್ಡ ತೊಲೆ, ಅಟ್ಟಣೆಗಳನ್ನು ಕೊಡಬೇಕು. ಮರ ಮುರಿಯುವ ಮೊದಲು ಸದ್ದು ಮಾಡುತ್ತದೆ. ಆ ಸದ್ದು ಕೇಳಿ ಓಡಿಹೋಗಿ ಜೀವ ಉಳಿಸಿಕೊಳ್ಳುವುದು ಎಲ್ಲ ದೇಶಗಳ ಗಣಿಗಾರರಿಗೂ ತಿಳಿದ ವಿದ್ಯೆ.

ಈ ಕೆಲಸದ ಹೆಸರಾಂತ ವಿಧಾನವೊಂದು ಅಮೆರಿಕದ ನೆವಾಡಾದಲ್ಲಿ ಹುಟ್ಟಿತು. 1860ರಲ್ಲಿ ಫಿಲಿಪ್ ಡೈಡೆಶೈಮರ್ ಎಂಬ ಎಂಜಿನಿಯರ್, ಮರದ ತೊಲೆಗಳನ್ನು ಚೌಕಟ್ಟಿನ ಪೆಟ್ಟಿಗೆಗಳಂತೆ ಒಂದರ ಮೇಲೊಂದು ಜೋಡಿಸುವ ಕ್ರಮವನ್ನು ಅಲ್ಲಿನ ಬೆಳ್ಳಿ ಗಣಿಯಲ್ಲಿ ಜಾರಿಗೆ ತಂದರು.

ಕೆ.ಜಿ.ಎಫ್.ನಲ್ಲೂ ಆರಂಭದಲ್ಲಿ ಮರವೇ ಆಸರೆ. ಗಣಿ ಆಳಕ್ಕೆ ಇಳಿದು ಬಂಡೆಯ ಒತ್ತಡ ಹೆಚ್ಚಿದಂತೆ ಕಗ್ಗಲ್ಲಿನ ಗೋಡೆಗಳು, ಉಕ್ಕು ಮತ್ತು ಕಾಂಕ್ರೀಟ್ ಬಂದವು. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3,200 ಮೀಟರ್ ಆಳ ತಲುಪಿತು. ಗಣಿಯ ಮೇಲೂ ಬಡಗಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ಏಣಿ, ಬಾಗಿಲು, ಕಾರ್ಮಿಕರ ಮನೆಗಳ ಕೆಲಸವಿತ್ತು. ಕಬ್ಬಿಣ ಎರಕ ಹೊಯ್ಯಲು ಮೊದಲು ಮರದಲ್ಲಿ ಮಾದರಿ ಕೆತ್ತಬೇಕಿತ್ತು.

ಒಂದು ಗಡಿ, ಎರಡು ಕಾನೂನು

ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆ 1880ರ ದಶಕದಲ್ಲಿ ಕೆ.ಜಿ.ಎಫ್.ಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ಕೊಡಲಾಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಮುಂತಾದ ಕಡೆಯಿಂದ ಬಂದ ತಮಿಳರು. ಚಿತ್ತೂರು ಭಾಗದ ತೆಲುಗರೂ ಕೋಲಾರ ಸುತ್ತಿನ ಕನ್ನಡಿಗರೂ ಇದ್ದರು. ಮೇಲಿನ ಹುದ್ದೆಗಳು ಯುರೋಪಿಯನ್ನರ ಕೈಯಲ್ಲಿದ್ದವು.

ಇಲ್ಲಿ ಗಡಿನಾಡಿನವರು ಗಮನಿಸಬೇಕಾದ ಒಂದು ಸಂಗತಿ ಇದೆ. ಭಾರತದ ಕಾರ್ಮಿಕ ಸಂಘಗಳ ಕಾಯಿದೆ 1926ರಲ್ಲಿ ಬಂತು. ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು ಎಂಬುದು ಅದರ ಮುಖ್ಯ ಅಂಶ. ಆದರೆ ಅದು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯವಾಗುತ್ತಿತ್ತು. ಹೇಮಾವತಿ, ಮಡಕಶಿರಾ, ರಾಯದುರ್ಗ ಎಲ್ಲವೂ ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ಆದ್ದರಿಂದ ಇಲ್ಲಿನ ಬಡಗಿಗೆ ಆ ಹಕ್ಕು ಸಿಕ್ಕಿತು. ಕೆಲವೇ ಮೈಲಿ ಆಚೆ ಮೈಸೂರು ಸಂಸ್ಥಾನದಲ್ಲಿದ್ದ ಬಡಗಿಗೆ ಸಿಗಲಿಲ್ಲ. ದೊಡ್ಡ ಗಣಿಯಿದ್ದ ಕಡೆ ಕಾನೂನಿಲ್ಲ, ಕಾನೂನಿದ್ದ ಕಡೆ ದೊಡ್ಡ ಗಣಿಯಿಲ್ಲ ಎಂಬ ಸ್ಥಿತಿ ಅದು. ಅನಂತಪುರ ಜಿಲ್ಲೆಯ ರಾಮಗಿರಿ ಚಿನ್ನದ ಗಣಿಗಳು 1920ರ ದಶಕದಲ್ಲೇ ಕೆಲಸ ನಿಲ್ಲಿಸಿದ್ದವು.

ಸಂಘವಿಲ್ಲದ ಮುಷ್ಕರ

ಸಂಘ ಇಲ್ಲದಿದ್ದರೂ ಒಗ್ಗಟ್ಟು ಇತ್ತು. 1930ರಲ್ಲಿ ಗಣಿ ಕಂಪನಿಗಳು ಪ್ರತಿ ಕೆಲಸಗಾರನ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟವು. ಒಮ್ಮೆ ಕೆಲಸದಿಂದ ತೆಗೆದವನಿಗೆ ಯಾವ ಗಣಿಯಲ್ಲೂ ಕೆಲಸ ಸಿಗದು ಎಂಬ ಭಯ, ಕಳ್ಳರಂತೆ ಕಾಣುತ್ತಾರೆ ಎಂಬ ಅವಮಾನ ಎರಡೂ ಸೇರಿ ಆ ವರ್ಷದ ಏಪ್ರಿಲ್‌ನಲ್ಲಿ ಸಾವಿರಾರು ಜನ ಕೆಲಸಕ್ಕೆ ಇಳಿಯಲು ಒಪ್ಪಲಿಲ್ಲ. ಸುಮಾರು ಮೂರು ವಾರ ಗಣಿ ನಿಂತಿತು. ನೋಂದಾಯಿತ ಸಂಘವೊಂದೂ ಇಲ್ಲದೆ ನಡೆದ ಮುಷ್ಕರ ಇದು.

ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1941ರ ತುರ್ತು ಶಾಸನ ಮತ್ತು 1942ರ ಮೈಸೂರು ಕಾರ್ಮಿಕ ಕಾಯಿದೆಯಿಂದ. ಈ ಶಾಸನಗಳು ಕಸುಬಿಗೆ ಒಂದು ಸಂಘ ಎಂದು ನೋಡಲಿಲ್ಲ, ಕಾರ್ಖಾನೆಗೆ ಅಥವಾ ಗಣಿಗೆ ಒಂದು ಸಂಘ ಎಂದು ನೋಡಿದವು. ಹಾಗಾಗಿ ಬಡಗಿ, ಕಮ್ಮಾರ, ಬಂಡೆ ಕೊರೆಯುವವ, ಲಾರಿ ತಳ್ಳುವವ ಎಲ್ಲರೂ ತಮ್ಮ ಗಣಿಯ ಸಂಘದಲ್ಲೇ ಸೇರಬೇಕಾಯಿತು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮುಂತಾದ ಕಮ್ಯುನಿಸ್ಟ್ ಮುಖಂಡರು ಇವುಗಳನ್ನು ಬೆಳೆಸಿದರು.

1946ರಲ್ಲಿ ಮತ್ತೆ ದೊಡ್ಡ ಹೋರಾಟ ನಡೆಯಿತು. ಆ ವರ್ಷದ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಕೆ.ಜಿ.ಎಫ್.ನಲ್ಲಿ ನವೆಂಬರ್ 4 ಹುತಾತ್ಮರ ದಿನವಾಗಿ ಉಳಿಯಿತು.

ಬೇರೆ ಸಂಘ ಇದ್ದಿದ್ದರೆ?

ಅಮೆರಿಕದ ಗಣಿ ಊರುಗಳಲ್ಲಿ ದಾರಿ ಬೇರೆ ಇತ್ತು. ಅಲ್ಲಿ ಬಡಗಿಗಳ ರಾಷ್ಟ್ರೀಯ ಸಂಘ 1881ರಲ್ಲಿ ಷಿಕಾಗೋದಲ್ಲಿ ಪೀಟರ್ ಮೆಕ್‌ಗೈರ್ ಅವರ ಮುಂದಾಳತ್ವದಲ್ಲಿ ಹುಟ್ಟಿತು. ಮಾಂಟಾನಾ ರಾಜ್ಯದ ತಾಮ್ರದ ಗಣಿ ಊರು ಬ್ಯೂಟ್‌ನಲ್ಲಿ ಅದರ 112ನೇ ಸ್ಥಳೀಯ ಶಾಖೆ ಇತ್ತು. 1906ರಲ್ಲಿ ಬಡಗಿಗಳು ಅಲ್ಲಿ ತಮ್ಮದೇ ಸಭಾಭವನ ಕಟ್ಟಿಕೊಂಡರು. ಅದೇ ಊರಿನ ಗಣಿಗಾರರ ಸಂಘ 1878ರಷ್ಟು ಹಳೆಯದು. ಒಳಜಗಳದಿಂದ 1914ರಲ್ಲಿ ಗಣಿಗಾರರ ಭವನವನ್ನೇ ಸಿಡಿಮದ್ದಿಟ್ಟು ಒಡೆಯಲಾಯಿತು.

ಎರಡು ದಾರಿಗಳಲ್ಲೂ ಲಾಭ ನಷ್ಟಗಳಿವೆ. ಕಸುಬಿನ ಸಂಘ ತನ್ನ ಕೆಲಸಕ್ಕೆ ತಕ್ಕ ಕೂಲಿ ಕೇಳಬಲ್ಲದು, ಆದರೆ ಗಣಿಯಲ್ಲಿ ಬಡಗಿಗಳ ಸಂಖ್ಯೆ ಕಡಿಮೆ. ಅವರಷ್ಟೇ ಕೆಲಸ ನಿಲ್ಲಿಸಿದರೆ ಕಂಪನಿ ಬೇರೆಯವರನ್ನು ಕರೆತರಬಹುದು. ಗಣಿಯ ಸಂಘ ಇಡೀ ಗಣಿಯನ್ನೇ ನಿಲ್ಲಿಸಬಲ್ಲದು. ಆದರೆ ಗಣಿ ಮುಚ್ಚಿದರೆ ಅದರ ಕಾಲ ಕೆಳಗಿನ ನೆಲವೇ ಹೋಗುತ್ತದೆ. ಕಸುಬಿನ ಸಂಘಕ್ಕೆ ಗಣಿಯ ಹೊರಗೆ ಮನೆ ಕಟ್ಟುವವರೂ ಸದಸ್ಯರು, ಆದ್ದರಿಂದ ಗಣಿ ಹೋದರೂ ಅದು ಉಳಿಯಬಹುದು.

ಗಣಿ ಮುಚ್ಚಿದ ಮೇಲೆ

ಕೆ.ಜಿ.ಎಫ್. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಇದೇ ಸಂಸ್ಥೆ ರಾಮಗಿರಿಯಲ್ಲೂ ಯಪ್ಪಮಾನ ಗಣಿಯನ್ನು ನಡೆಸಿತು. ನಷ್ಟದ ಕಾರಣ ಹೇಳಿ 2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಗಣಿ ಮುಚ್ಚಲಾಯಿತು. ರಾಮಗಿರಿಯ ಗಣಿಯೂ ಅದೇ ವರ್ಷ ನಿಂತಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಕಾರ್ಮಿಕ ಸಂಘಗಳು ನ್ಯಾಯಾಲಯಕ್ಕೆ ಹೋದವು. ತಾವೇ ಸಹಕಾರಿ ಸಂಘ ಕಟ್ಟಿ ಗಣಿ ನಡೆಸುತ್ತೇವೆ ಎಂದೂ ಕಾರ್ಮಿಕರು ಮುಂದೆ ಬಂದರು. ಗಣಿ ಮಾತ್ರ ಮತ್ತೆ ಹಿಂದಿನಂತೆ ತೆರೆಯಲಿಲ್ಲ. ಊರಿನ ಸಾವಿರಾರು ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವಂತಾಯಿತು.

ಇಂದಿನ ಬಡಗಿಗೆ

ಗಡಿ ಗ್ರಾಮಗಳ ಬಡಗಿಗಳಿಗೆ ಇಂದು ಗಣಿಗಿಂತ ಕಟ್ಟಡದ ಕೆಲಸವೇ ಹೆಚ್ಚು. ಈ ತಿಂಗಳು ಹಿಂದೂಪುರದಲ್ಲಿದ್ದರೆ ಮುಂದಿನ ತಿಂಗಳು ಶಿರಾ ಅಥವಾ ಬೆಂಗಳೂರಿನಲ್ಲಿ. ಒಬ್ಬ ಮಾಲೀಕ ಇಲ್ಲ, ಒಂದು ಗೇಟಿಲ್ಲ, ಹಾಗಾಗಿ ಗಣಿಯ ಸಂಘದ ಮಾದರಿ ಇವರಿಗೆ ಹೊಂದುವುದಿಲ್ಲ, ಕಸುಬಿನ ಸಂಘವೇ ಹೊಂದುತ್ತದೆ.

1996ರ ಕಟ್ಟಡ ಕಾರ್ಮಿಕರ ಕಾಯಿದೆ ಕಟ್ಟಡದಲ್ಲಿ ದುಡಿಯುವ ಬಡಗಿಗಳನ್ನೂ ಒಳಗೊಂಡಿತ್ತು. ಆಂಧ್ರ ಮತ್ತು ಕರ್ನಾಟಕ ಎರಡರಲ್ಲೂ ಕಲ್ಯಾಣ ಮಂಡಳಿಗಳು ರಚನೆಯಾದವು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯಿದೆಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿಯೂ ಕಟ್ಟಡ ಕಾರ್ಮಿಕರ ಮಂಡಳಿಗಳಿಗೆ ಜಾಗವಿದೆ. ಸಂಘದ ನೋಂದಣಿಗೆ ಕನಿಷ್ಠ ಏಳು ಮಂದಿ ಎಂಬ ಹಳೆಯ ಲೆಕ್ಕವೂ ಉಳಿದಿದೆ.

ಕೆಲಸ ಮಾಡಿದ ದಿನಗಳಿಗೆ ಸಾಕ್ಷಿ ಹೇಳುವವರು ಬೇಕು, ಬಿದ್ದು ಕೈಕಾಲು ಮುರಿದರೆ ಕಚೇರಿಗೆ ಅಲೆಯುವವರು ಬೇಕು. ಒಬ್ಬನೇ ಬಡಗಿಗೆ ಇದು ಆಗದ ಕೆಲಸ. 1930ರಲ್ಲಿ ಕಾಗದದ ಸಂಘವಿಲ್ಲದೆ ಒಂದಾದ ಜನ ಗಣಿಯನ್ನೇ ನಿಲ್ಲಿಸಿದ್ದರು. ಇಂದು ಗಡಿಯ ಎರಡೂ ಕಡೆ ಕಾಗದದ ಹಕ್ಕು ಇದೆ. ಅದನ್ನು ಬಳಸಲು ಒಂದಾಗುವ ಏಳು ಜನ ಊರಿನಲ್ಲೇ ಸಿಗಬೇಕು.