ಫ್ರೆಡ್ಡಿ ಮರ್ಕ್ಯುರಿ: ಮನೆತನ ಮತ್ತು ವಿದ್ಯಾಭ್ಯಾಸದ ಸತ್ಯಶೋಧನೆ

ಪ್ರಸಿದ್ಧರಾದವರನ್ನು ತಮ್ಮವರೆಂದು ಹೇಳಿಕೊಳ್ಳುವ ಆಸೆ ಎಲ್ಲ ಜನಾಂಗಗಳಲ್ಲಿಯೂ ಉಂಟು. ಆ ಆಸೆಯಿಂದಲೇ ಅನೇಕ ಕಟ್ಟುಕಥೆಗಳು ಹುಟ್ಟಿ, ಕಾಲಕ್ರಮದಲ್ಲಿ ಚರಿತ್ರೆಯ ವೇಷವನ್ನು ಧರಿಸುತ್ತವೆ. ‘ಕ್ವೀನ್’ ಎಂಬ ಆಂಗ್ಲ ರಾಕ್ ಸಂಗೀತ ತಂಡದ ಗಾಯಕರಾಗಿ ಜಗತ್ಪ್ರಸಿದ್ಧರಾದ ಫ್ರೆಡ್ಡಿ ಮರ್ಕ್ಯುರಿಯವರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅವರು ಪರ್ಷಿಯಾದವರೆಂದು ಬರೆದವರುಂಟು; ಅಪ್ಪಟ ಆಂಗ್ಲರೆಂದು ನಂಬಿದವರುಂಟು; ಸಂತರ ಹೆಸರಿನ ಶಾಲೆಗಳಲ್ಲಿ ಓದಿದ್ದರಿಂದ ಕ್ರೈಸ್ತರೆಂದು ಊಹಿಸುವುದಕ್ಕೂ ಎಡೆಯುಂಟು. ಇವುಗಳಲ್ಲಿ ನಿಜವೆಷ್ಟು ಎಂಬುದನ್ನು ನಾವಿಲ್ಲಿ ಕ್ರಮವಾಗಿ ವಿಚಾರ ಮಾಡೋಣ.

ಮೊದಲನೆಯದಾಗಿ ಹೆಸರು. 1946ರ ಸೆಪ್ಟೆಂಬರ್ 5ರಂದು, ಆಗ ಬ್ರಿಟಿಷರ ರಕ್ಷಣೆಯಲ್ಲಿದ್ದ ಜಾಂಜಿಬಾರ್ ದ್ವೀಪದಲ್ಲಿ ಜನಿಸಿದ ಈ ಗಾಯಕರ ಹುಟ್ಟುಹೆಸರು ಫರ್ರೋಖ್ ಬಲ್ಸಾರಾ. ತಂದೆ ಬೋಮಿ, ತಾಯಿ ಜೇರ್. ಜನನ ಪತ್ರದಲ್ಲಿ ರಾಷ್ಟ್ರೀಯತೆ ಬ್ರಿಟಿಷ್ ಇಂಡಿಯನ್ ಎಂದೂ ಜನಾಂಗ ಪಾರ್ಸಿ ಎಂದೂ ನಮೂದಾಗಿದೆ. ಮನೆತನದ ಹೆಸರೇ ಮೂಲವನ್ನು ಸಾರುತ್ತದೆ: ಬಲ್ಸಾರಾ ಎಂದರೆ ಗುಜರಾತಿನ ಬಲ್ಸಾರ್, ಇಂದಿನ ವಲ್ಸಾಡ್ ಊರಿನವರು. ತಂದೆಯವರು ಜಾಂಜಿಬಾರಿನಲ್ಲಿ ಉಚ್ಚ ನ್ಯಾಯಾಲಯದ ನಗದು ಗುಮಾಸ್ತರಾಗಿದ್ದರು. ಪಾರ್ಸಿಗಳ ಪೂರ್ವಜರು ಇರಾನಿನಿಂದ ಬಂದು ಗುಜರಾತಿನಲ್ಲಿ ನೆಲೆಸಿ ಸಾವಿರಕ್ಕೂ ಹೆಚ್ಚು ವರ್ಷಗಳಾಗಿವೆ. ಆದುದರಿಂದ ಅವರನ್ನು ಕೇವಲ ಪರ್ಷಿಯಾದವರೆನ್ನುವುದು ಅರ್ಧಸತ್ಯ.

ಎರಡನೆಯದಾಗಿ ವಿದ್ಯಾಭ್ಯಾಸ. ಎಂಟು ವರ್ಷದ ಬಾಲಕನನ್ನು ತಂದೆತಾಯಿಗಳು ಸಮುದ್ರ ದಾಟಿಸಿ, ಮಹಾರಾಷ್ಟ್ರದ ಪಂಚಗಣಿಯ ಸಂತ ಪೀಟರರ ವಸತಿಶಾಲೆಗೆ ಕಳುಹಿಸಿದರು. ಹೆಸರನ್ನು ಕೇಳಿ ಇದು ನಮ್ಮ ಕಥೋಲಿಕ ಶಾಲೆಯೆಂದು ಭ್ರಮಿಸಬಾರದು. ಅದು ಆಂಗ್ಲಿಕನ್ ಪರಂಪರೆಯ ಶಾಲೆ. ಅಲ್ಲಿ ಪಿಯಾನೋ ಕಲಿತ ಅವರು 1958ರಲ್ಲಿ ಸಹಪಾಠಿಗಳೊಡನೆ ‘ಹೆಕ್ಟಿಕ್ಸ್’ ಎಂಬ ತಂಡ ಕಟ್ಟಿದರು. ಫ್ರೆಡ್ಡಿ ಎಂಬ ಹೆಸರೂ ಅಲ್ಲಿಯೇ ಬಳಕೆಗೆ ಬಂತು. ಎಂದರೆ, ಹೆಸರಿನ ಪೂರ್ವಾರ್ಧ ಪಂಚಗಣಿಯ ಕೊಡುಗೆ; ಮರ್ಕ್ಯುರಿ ಎಂಬ ಉತ್ತರಾರ್ಧ 1970ರ ಸುಮಾರಿಗೆ ಲಂಡನ್ನಿನಲ್ಲಿ ಅವರೇ ಇಟ್ಟುಕೊಂಡದ್ದು.

1963ರಲ್ಲಿ ಜಾಂಜಿಬಾರಿಗೆ ಮರಳಿದ ಮೇಲೆ ಅವರು ಸೇರಿದ್ದು ಸಂತ ಜೋಸೆಫರ ಕಾನ್ವೆಂಟ್ ಶಾಲೆಗೆ. ಇದು ನಿಜವಾಗಿಯೂ ಕಥೋಲಿಕ ಶಾಲೆ. ಆದರೆ ಆ ಸಂಬಂಧ ಅಲ್ಪಕಾಲದ್ದು. 1964ರ ಜನವರಿ 12ರಂದು ದ್ವೀಪದಲ್ಲಿ ಕ್ರಾಂತಿ ಸಿಡಿದು ಅನೇಕ ಅರಬರೂ ಭಾರತೀಯರೂ ಪ್ರಾಣ ಕಳೆದುಕೊಂಡರು. ಬಲ್ಸಾರಾ ಕುಟುಂಬ ಇಂಗ್ಲೆಂಡಿಗೆ ಹೊರಟು ಲಂಡನ್ ಬಳಿಯ ಫೆಲ್ತಮ್‌ನಲ್ಲಿ ನೆಲೆಸಿತು. ಅಲ್ಲಿ ಐಸಲ್‌ವರ್ತ್ ಪಾಲಿಟೆಕ್ನಿಕ್ಕಿನಲ್ಲಿಯೂ ಅನಂತರ ಈಲಿಂಗ್ ಕಲಾಶಾಲೆಯಲ್ಲಿಯೂ ಓದಿ, 1969ರಲ್ಲಿ ಅವರು ರೇಖಾಕಲೆ ಹಾಗೂ ವಿನ್ಯಾಸದ ಡಿಪ್ಲೊಮಾ ಪಡೆದರು.

ಕೀರ್ತಿಯ ದಿನಗಳಲ್ಲಿ ಮರ್ಕ್ಯುರಿಯವರು ತಮ್ಮ ಮೂಲದ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದು ಅತಿ ವಿರಳ. ಅವರ ಮೌನ ತೆರವು ಮಾಡಿದ ಜಾಗವನ್ನು ಊಹೆಗಳು ತುಂಬಿದವು. 1991ರ ನವೆಂಬರ್ 24ರಂದು ಅವರು ಕಾಲವಾದಾಗಲೇ ಅನೇಕರಿಗೆ ನಿಜ ತಿಳಿದದ್ದು: ಅಂತ್ಯಕ್ರಿಯೆಯನ್ನು ಝರತುಷ್ಟ್ರ ಧರ್ಮದ ಪುರೋಹಿತರು ನಡೆಸಿದರು. ತಾಯಿಯೂ ತಂಗಿಯೂ ಬಳಿಕ ಸಂದರ್ಶನಗಳಲ್ಲಿ ಮನೆಯ ಕಥೆಯನ್ನು ಹೇಳಿದರು.

ಇದರಿಂದ ನಾವು ಕಲಿಯತಕ್ಕ ಪಾಠವೊಂದುಂಟು. ಜನನ ಪತ್ರ ಘಟನೆಯ ಕಾಲದಲ್ಲಿಯೇ ಬರೆದದ್ದು. ಸಹಪಾಠಿಗಳ ನೆನಪು ಕೀರ್ತಿ ಬಂದ ಮೇಲೆ ಹೇಳಿದ್ದು. ಶಾಲೆಯ ಹೆಸರು ಕೇವಲ ಸೂಚನೆ. ಮೂರಕ್ಕೂ ಒಂದೇ ಬೆಲೆ ಕಟ್ಟಲಾಗದು. ನಮ್ಮ ಪೂರ್ವಜರ ಗುರುತನ್ನು ದೇವಾಲಯದ ಜ್ಞಾನಸ್ನಾನದ ಪುಸ್ತಕದಲ್ಲಿ ಹುಡುಕುವ ನಮಗೆ ಈ ಭೇದ ಹೊಸದಲ್ಲ. ಕಾನ್ವೆಂಟಿನಲ್ಲಿ ಓದಿದನೆಂಬ ಕಾರಣಕ್ಕೆ ಪಾರ್ಸಿ ಬಾಲಕನನ್ನು ನಮ್ಮವನೆಂದು ಬರೆದುಕೊಂಡರೆ ನಮ್ಮ ಕೀರ್ತಿ ಹೆಚ್ಚುವುದಿಲ್ಲ. ಅವನ ತಂದೆತಾಯಿಗಳಿಗೆ ಅನ್ಯಾಯವಾಗುತ್ತದೆ. ವಿದ್ಯೆ ಕೊಟ್ಟ ಶಾಲೆ ವಿದ್ಯಾರ್ಥಿಯ ಬಗ್ಗೆ ಹೆಮ್ಮೆ ಪಡಬಹುದು. ಅವನ ವಂಶವನ್ನಾಗಲಿ ಧರ್ಮವನ್ನಾಗಲಿ ತಿದ್ದಿ ಬರೆಯುವ ಅಧಿಕಾರ ಅದಕ್ಕಿಲ್ಲ.