ಕೊನೆಯ ಬಸ್ಸಿನ ಚರಿತ್ರೆ

ನಮ್ಮ ಚರಿತ್ರಕಾರರು ಅರಸರನ್ನೂ ಕಾಳಗಗಳನ್ನೂ ಕುರಿತು ಬಹಳ ಬರೆದಿದ್ದಾರೆ. ರಸ್ತೆಗಳನ್ನು ಕುರಿತು ಅಷ್ಟಿಷ್ಟು ಬರೆದಿದ್ದಾರೆ. ಆದರೆ ಆ ರಸ್ತೆಗಳ ಮೇಲೆ ಬಡವನೊಬ್ಬನು ರಾತ್ರಿ ಎಷ್ಟು ಗಂಟೆಯವರೆಗೆ ಮನೆ ಸೇರಬಹುದಾಗಿತ್ತು ಎಂಬುದನ್ನು ಬರೆದವರನ್ನು ನಾನು ಕಾಣೆ. ಇದೇನು ಚರಿತ್ರೆಯ ವಿಷಯವೇ ಎಂದು ವಾಚಕರು ನಗಬಾರದು. ಹೆಬ್ರಿಯಲ್ಲಿ ಮನೆಯೂ ಉಡುಪಿಯಲ್ಲಿ ಕೆಲಸವೂ ಇರುವವನಿಗೆ ಇದಕ್ಕಿಂತ ಮುಖ್ಯವಾದ ಚರಿತ್ರೆ ಬೇರೊಂದಿಲ್ಲ.

ಹೆಬ್ರಿ ಆಗುಂಬೆ ಘಾಟಿಯ ಬುಡದ ಊರು. ಉಡುಪಿಗೂ ಇಲ್ಲಿಗೂ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಉಡುಪಿಯಿಂದ ರಾತ್ರಿಯಲ್ಲಿ ನಾನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೊರಡಬಹುದು, ಮುಂಬಯಿಗೂ ಹೊರಡಬಹುದು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಇಂದ್ರಾಳಿಯ ನಿಲ್ದಾಣದಲ್ಲಿ ಸರಿರಾತ್ರಿಯಲ್ಲಿಯೂ ಜನ ಇಳಿಯುತ್ತಾರೆ. ಆದರೆ ಹಾಗೆ ಇಳಿದವನಿಗೆ ಹೆಬ್ರಿಗೆ ಬಸ್ಸಿಲ್ಲ. ಇಡೀ ದೇಶವನ್ನು ದಾಟಿ ಬಂದವನು ಮನೆಯ ಮಗ್ಗುಲಿಗೆ ಬಂದು ಬೆಳಗಾಗಲೆಂದು ಕಾಯಬೇಕು.

ಹಿಂದೆಯೂ ಹೀಗೆಯೇ ಇತ್ತೆಂದು ತಿಳಿಯುವುದು ತಪ್ಪು. ಎತ್ತಿನ ಗಾಡಿಯ ಕಾಲದಲ್ಲಿ ರಾತ್ರಿಯೆಂಬುದು ಪ್ರಯಾಣಕ್ಕೆ ಅಡ್ಡಿಯಲ್ಲ, ಅನುಕೂಲ. ಬೇಸಗೆಯ ಹಗಲಿನಲ್ಲಿ ಎತ್ತುಗಳು ದಣಿಯುತ್ತವೆಂದು ಗಾಡಿಗಳನ್ನು ಸಂಜೆ ಕಟ್ಟಿ, ಅಚ್ಚಿನ ಕೆಳಗೆ ಲಾಟೀನು ತೂಗಹಾಕಿ, ಸಾಲಾಗಿ ಹೊರಡುತ್ತಿದ್ದರು. ಉಪ್ಪು, ಒಣಮೀನು ಮೇಲಕ್ಕೆ. ಅಡಿಕೆ, ಮೆಣಸು ಕೆಳಕ್ಕೆ. ಗಾಡಿಯವನು ನಿದ್ದೆಹೋದರೂ ಎತ್ತು ದಾರಿ ಬಿಡುತ್ತಿರಲಿಲ್ಲ. (ಈ ವಿದ್ಯೆಯನ್ನು ಮೋಟಾರಿಗೆ ಕಲಿಸಲು ಅಮೆರಿಕದವರು ಈಗ ಹೆಣಗುತ್ತಿದ್ದಾರೆ.) ನಡೆದು ಹೋಗುವವರು ಒಣ ಮಡಲಿನ ಸೂಟೆ ಹೊತ್ತಿಸಿಕೊಂಡು ಬೀಸುತ್ತ ಹೋಗುತ್ತಿದ್ದರು. ಭಯವಿರಲಿಲ್ಲವೆಂದಲ್ಲ, ಹುಲಿಯ ಭಯವೂ ಇತ್ತು, ಭೂತದ ಭಯವೂ ಇತ್ತು. ಆದರೆ ಹೊರಡುವ ಹೊತ್ತನ್ನು ಗೊತ್ತುಮಾಡುತ್ತಿದ್ದವನು ಹೊರಡುವವನೇ.

ಆ ಅಧಿಕಾರ ಅವನ ಕೈಬಿಟ್ಟುದು ಬಸ್ಸು ಬಂದ ಮೇಲೆ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಹುಟ್ಟಿತು. ಜನರ ಬಾಯಲ್ಲಿ ಅದು ಸಿ.ಪಿ.ಸಿ. ಆಮೇಲೆ ಶಂಕರ್, ಹನುಮಾನ್ ಮೊದಲಾದ ಕಂಪೆನಿಗಳು ಬಂದವು. ಜಿಲ್ಲೆಗೆ ಇವರು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆಗ ಹೊಳೆಗಳಿಗೆ ಸೇತುವೆಗಳು ಕಡಿಮೆ. ಮಂಗಳೂರಿಗೂ ಉಡುಪಿಗೂ ನಡುವೆ ಕಡವುಗಳಲ್ಲಿ ಇಳಿದು, ದೋಣಿಯಲ್ಲಿ ದಾಟಿ, ಮತ್ತೆ ಬಸ್ಸು ಹತ್ತಬೇಕಾಗಿತ್ತು. ಕತ್ತಲಾದ ಮೇಲೆ, ಅದರಲ್ಲಿಯೂ ಮಳೆಗಾಲದ ಹೊಳೆಯಲ್ಲಿ, ಯಾವ ಅಂಬಿಗನು ದೋಣಿ ಬಿಟ್ಟಾನು? ಎರಡನೆಯ ಮಹಾಯುದ್ಧ ಬಂದಾಗ ಪೆಟ್ರೋಲಿಗೆ ಕಟ್ಟುಪಾಡಾಯಿತು. ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡ ಬಸ್ಸುಗಳು ಓಡಾಡಿದವು. ಅವು ಏರು ಬಂದರೆ ಉಸಿರು ಕಟ್ಟಿ ನಿಲ್ಲುತ್ತಿದ್ದವು. ಜನ ಇಳಿದು ನೂಕುತ್ತಿದ್ದರು. ಅಂಥ ಗಾಡಿಯನ್ನು ಅಪರಾತ್ರಿಯಲ್ಲಿ ಓಡಿಸೆಂದು ಕೇಳುವ ಧೈರ್ಯ ಯಾರಿಗಿತ್ತು?

ಹೆಬ್ರಿಗೆ ಇನ್ನೊಂದು ತೊಡಕಿತ್ತು. 1956ರ ನವೆಂಬರ್ 1ರವರೆಗೆ ನಾವು ಮದರಾಸಿನವರು, ಘಾಟಿಯ ಮೇಲಿನ ಆಗುಂಬೆಯವರು ಮೈಸೂರಿನವರು. ಮೇಲೆ 1948ರಲ್ಲಿ ಮೈಸೂರು ಸರಕಾರವೇ ಸಾರಿಗೆ ಇಲಾಖೆ ತೆರೆದು ಬಸ್ಸು ಓಡಿಸತೊಡಗಿತು. ಕೆಳಗೆ ಬಸ್ಸೆಲ್ಲ ಖಾಸಗಿ ಕಂಪೆನಿಗಳದೇ. ಒಂದು ಪ್ರಾಂತದ ಪರ್ಮಿಟ್ಟು ಇನ್ನೊಂದರಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ನಡುವೆ ಹದಿನಾಲ್ಕು ತಿರುವುಗಳ ಘಾಟಿ. ದೊಡ್ಡ ಬಸ್ಸಿಗೆ ಅಲ್ಲಿ ಮಗ್ಗುಲಾಗಲು ಎಡೆಯಿಲ್ಲ. ಶಿವಮೊಗ್ಗದ ಕಡೆಯಿಂದ ಬಂದವರು ಆಗುಂಬೆಯಲ್ಲಿ ಇಳಿದು, ಸಣ್ಣ ವ್ಯಾನು ಹಿಡಿದು ಸೋಮೇಶ್ವರಕ್ಕೆ ಬಂದು, ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕು. ಮೂರು ಬಂಡಿಗಳ ಹೊತ್ತು ಒಂದಕ್ಕೊಂದು ಕೂಡಬೇಕಾದರೆ ಎಲ್ಲವೂ ಹಗಲಿನಲ್ಲಿಯೇ ಮುಗಿಯಬೇಕು. ರಾಜ್ಯಗಳು ಒಂದಾದರೂ ವೇಳಾಪಟ್ಟಿಯ ಅಭ್ಯಾಸ ಬದಲಾಗಲಿಲ್ಲ. ಘಾಟಿಯನ್ನಂತೂ ನಾವು ಬದಲಾಯಿಸುವಂತಿಲ್ಲ.

ಇನ್ನು ಕಾಯಿದೆಯ ಮಾತು. 1939ರ ಮೋಟಾರು ಕಾಯಿದೆಯಿಂದ ಬಸ್ಸಿನ ಪರ್ಮಿಟ್ಟಿಗೆ ದಾರಿಯೊಂದಿಗೆ ಹೊತ್ತೂ ಅಂಟಿಕೊಂಡಿತು. ಬೆಳಗಿನ ಎಂಟು ಗಂಟೆಯ ಒಂದೆರಡು ನಿಮಿಷಕ್ಕಾಗಿ ಮಾಲೀಕರು ಕೋರ್ಟಿನವರೆಗೂ ಹೊಡೆದಾಡುತ್ತಾರೆ; ರಾತ್ರಿ ಹನ್ನೊಂದು ಗಂಟೆಯನ್ನು ಬೇಡುವವರಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ಖಾಲಿ ಬಸ್ಸು ಓಡಿಸಿ ಯಾರೂ ಬದುಕಲಾರರು. ಆದರೆ ಖಾಲಿ ಬಸ್ಸನ್ನೂ ಓಡಿಸಬೇಕಾದವನೊಬ್ಬನು ಇರಬೇಕಲ್ಲ? ಕರಾವಳಿಯಲ್ಲಿ ಸರಕಾರದ ಬಸ್ಸು ಇಂದಿಗೂ ನೆಂಟನಂತೆ. 2023ರಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲವೆಂದು ಆದಾಗ ಇಲ್ಲಿನ ಎಷ್ಟೋ ಊರುಗಳಲ್ಲಿ ಹೆಂಗಸರು ಮೊದಲು ಕೇಳಿದ ಪ್ರಶ್ನೆ, ಆ ಬಸ್ಸು ಎಲ್ಲಿ ಎಂದು.

ಲಾಭವಿಲ್ಲದ ಊರುಗಳಿಗೂ ಬಸ್ಸು ಕಳಿಸಿದವರು ಇದ್ದರು. ಶಂಕರ್ ಕಂಪೆನಿ ಮುಚ್ಚುವ ಹೊತ್ತಿಗೆ ಅದರ ಕಾರ್ಮಿಕರೇ ಕೊಪ್ಪದಲ್ಲಿ ಸಹಕಾರ ಸಂಘ ಕಟ್ಟಿ 1991ರಲ್ಲಿ ‘ಸಹಕಾರ ಸಾರಿಗೆ’ಯನ್ನು ಆರಂಭಿಸಿದರು. ಮಲೆನಾಡಿನ ಮೂಲೆಮೂಲೆಗೆ ಹೋಗಿ, ಕರಾವಳಿಗೂ ಇಳಿದು ಬರುತ್ತಿದ್ದ ಆ ಬಸ್ಸುಗಳು ನಷ್ಟ ತಾಳಲಾರದೆ 2020ರಲ್ಲಿ ನಿಂತವು. ಚಾಲಕನೇ ಮಾಲೀಕನಾದ ಇಂಥದೊಂದು ಪ್ರಯೋಗ ಮೂರು ದಶಕಗಳ ಹತ್ತಿರ ನಡೆಯಿತೆಂಬುದು ನನಗೆ ಇಂದಿಗೂ ಸೋಜಿಗ.

ನಮ್ಮೂರುಗಳ ಕೊನೆಯ ಬಸ್ಸಿನ ಗುಟ್ಟನ್ನು ನನಗೆ ತಿಳಿಸಿದವರು ನಿವೃತ್ತ ಕಂಡಕ್ಟರರೊಬ್ಬರು. ಅವರೆಂದರು: “ಅದು ಕೊನೆಯ ಬಸ್ಸಲ್ಲ ಮಾಷ್ಟ್ರೇ, ನಾಳೆಯ ಮೊದಲನೆಯ ಬಸ್ಸು. ರಾತ್ರಿಯೇ ಬಂದು ಮಲಗುವುದು, ಅಷ್ಟೆ.” ಮಾತು ನಿಜ. ಹಳ್ಳಿಯಲ್ಲಿ ತಂಗುವ ಬಸ್ಸು ಬೆಳಗ್ಗೆ ಶಾಲೆ, ಕಚೇರಿಯ ಜನರನ್ನು ತುಂಬಿಕೊಂಡು ಪೇಟೆಗೆ ಹೋಗಬೇಕು. ಅದಕ್ಕಾಗಿಯೇ ಹಿಂದಿನ ರಾತ್ರಿ ಬರುತ್ತದೆ. ಬೆಳಗ್ಗೆ ಬೇಗ ಏಳಬೇಕಾದವರು ರಾತ್ರಿ ಬೇಗ ಮಲಗಬೇಕು. 1961ರ ಮೋಟಾರು ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಬಿಡುವೂ ಸೇರಿ ಹನ್ನೆರಡು ಗಂಟೆ ಎಂದು ಮಿತಿ ಹಾಕಿತ್ತು. ಆ ಮಿತಿ ನ್ಯಾಯವಾದದ್ದು. ರಾತ್ರಿಯ ಬಸ್ಸು ಬೇಕಾದರೆ ಇನ್ನೊಂದು ಜೊತೆ ಚಾಲಕ, ಕಂಡಕ್ಟರರು ಬೇಕು, ಅವರಿಗೆ ಸಂಬಳ ಬೇಕು. ಎಲ್ಲ ಅರ್ಜಿಗಳೂ ಬಂದು ನಿಲ್ಲುವುದು ಇಲ್ಲಿಯೇ.

ಇದರಿಂದ ಕೆಡುವುದೇನು? ಉಡುಪಿಯ ಕಲ್ಪನಾ, ಅಲಂಕಾರ್ ಚಿತ್ರಮಂದಿರಗಳ ಎರಡನೆಯ ಆಟ ಹೆಬ್ರಿಯವರಿಗೆ ಎಂದೂ ದಕ್ಕಲಿಲ್ಲ, ಅದು ಹೋಗಲಿ. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಘಾಟಿಯ ಮೇಲಿನವರಿಗೂ ಕೆಳಗಿನವರಿಗೂ ಅದೇ ದೊಡ್ಡ ಆಸ್ಪತ್ರೆಯ ಊರು. ರೋಗಿಯನ್ನು ಸಂಜೆ ಸೇರಿಸಿ, ಮನೆಯಲ್ಲಿ ದನ, ಮಕ್ಕಳನ್ನು ಬಿಟ್ಟು ಬಂದ ಹೆಂಗಸು ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆಯುತ್ತಾಳೆ. ಬಾಡಿಗೆ ಕಾರಿಗೆ ಕೊಡುವ ಹಣದಲ್ಲಿ ನಾಳೆಯ ಔಷಧಿ ಬರುತ್ತದೆಂಬ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು. ನನ್ನ ತರಗತಿಯಲ್ಲಿ ಚೆನ್ನಾಗಿ ಹಾಡುವ, ಮಾತನಾಡುವ ಹುಡುಗಿಯರು ಸಂಜೆಯ ನಾಟಕದ ಅಭ್ಯಾಸಕ್ಕೆ ನಿಲ್ಲುವುದಿಲ್ಲ. ಕೇಳಿದರೆ, “ಬಸ್ಸಿಲ್ಲ ಸರ್.” ಪಾತ್ರಗಳೆಲ್ಲ ಪೇಟೆಯ ಮಕ್ಕಳ ಪಾಲು.

ಬಸ್ಸಿಲ್ಲದ ರಾತ್ರಿಯೊಡನೆ ಚೆನ್ನಾಗಿ ಹೊಂದಿಕೊಂಡು ಬಾಳಿದ್ದು ಯಕ್ಷಗಾನವೊಂದೇ. ರಾತ್ರಿಯಿಡೀ ಆಟವೇಕೆ ಎಂಬುದಕ್ಕೆ ಪಂಡಿತರು ಹಲವು ಕಾರಣ ಹೇಳುತ್ತಾರೆ. ನನಗೆ ತೋರುವ ಒಂದು ಕಾರಣ ಇದು: ನಡುರಾತ್ರಿ ಆಟ ಬಿಟ್ಟರೆ ಜನ ಎಲ್ಲಿಗೆ ಹೋದಾರು? ಮಂಗಳ ಹಾಡುವ ಹೊತ್ತಿಗೆ ಬೆಳ್ಳಗಾಗುತ್ತಿತ್ತು, ಕಾಲುದಾರಿ ಕಾಣುತ್ತಿತ್ತು, ಬಸ್ಸು ಬಂದ ಮೇಲೆ ಮೊದಲನೆಯ ಬಸ್ಸೂ ಸಿಗುತ್ತಿತ್ತು. ಈಗ ಕಾಲಮಿತಿಯ ಆಟ ಬಂದಿದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬುದು 2000ದ ಶಬ್ದ ನಿಯಮ. ಕಟೀಲಿನ ಮೇಳಗಳು 2022ರಲ್ಲಿ ಕಾಲಮಿತಿಗೆ ಇಳಿದು, ಭಕ್ತರ ಒತ್ತಾಯದ ಮೇಲೆ 2024ರ ಜನವರಿಯಲ್ಲಿ ಮತ್ತೆ ಬೆಳಗಿನವರೆಗೆ ಆಡತೊಡಗಿದವು. ಆ ಚರ್ಚೆಯಲ್ಲಿ ಸಂಪ್ರದಾಯ, ಕಲೆ, ನಿದ್ದೆ ಎಲ್ಲವೂ ಬಂದವು. ಬೇಗ ಬಿಟ್ಟ ಆಟದಿಂದ ವಾಹನವಿಲ್ಲದವರು ಮನೆಗೆ ಹೋಗುವುದು ಹೇಗೆಂಬ ಮಾತನ್ನು ಎತ್ತಿದವರು ಕಡಿಮೆ.

ನಮ್ಮ ಕಡೆ ಮಂದಾರ್ತಿ ಮೇಳದ ಹರಕೆಯಾಟ ಇಂದಿಗೂ ಬೆಳತನಕ ನಡೆಯುತ್ತದೆ. ಹನ್ನೆರಡರ ಸುಮಾರಿಗೆ ಬೈಕಿನವರು ಗುಂಪುಗುಂಪಾಗಿ ಎದ್ದು ಹೋಗುತ್ತಾರೆ. ಗದ್ದೆಯ ಅಂಚಿನಲ್ಲಿ ದೀಪಗಳ ಸಾಲು ಸರಿಯುತ್ತದೆ. ಆಮೇಲೆ ಉಳಿಯುವವರು ಮುದುಕರು, ಮೊಮ್ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ಅಜ್ಜಿಯರು, ಕೂಲಿಯವರು. ಕಡೆಯ ಪ್ರಸಂಗವನ್ನು ಅವರೇ ನೋಡುತ್ತಾರೆ. ಚೆಂಡೆ ನಿಂತಾಗ ರಸ್ತೆಯಂಚಿನ ಬಸ್ಸಿನೊಳಗೆ ಮಲಗಿದ್ದ ಚಾಲಕನು ಎದ್ದು ಮುಖ ತೊಳೆಯುತ್ತಿರುತ್ತಾನೆ.