ಹಿತ್ತಲ ಗೋಡೆಯ ಮೇಲಿನ ತಗಡು

ಅಲ್ ಅಜೀಜಿಯಾದ ಒಳರಸ್ತೆಗಳಲ್ಲಿ ಓಡಾಡಿದವರು ನೋಡಿರಬಹುದು. ವಿಲ್ಲಾದ ಕಾಂಪೌಂಡ್ ಗೋಡೆ ಆಳೆತ್ತರ ಮೀರಿದ್ದರೂ ಅದರ ಮೇಲೆ ಇನ್ನೇನಾದರೂ ಏರಿಸಿರುತ್ತಾರೆ: ತಗಡು, ಹಸಿರು ಬಲೆ, ಪ್ಲಾಸ್ಟಿಕ್ ಎಲೆಗಳ ಚಾಪೆ. ಅಲ್ಲಿ ಬಾಡಿಗೆಗಿದ್ದಾಗ ನಾವೂ ಏರಿಸಿದೆವು. ಊರಿನಿಂದ ಬಂದಿದ್ದ ಅಮ್ಮ ಹಿತ್ತಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಪಕ್ಕದ ಮನೆಯ ಮಹಡಿ ಕಿಟಕಿ ನೇರವಾಗಿ ತುಳಸಿ ಕುಂಡದ ಮೇಲೇ ಇತ್ತು. ಅವರು ಬಾಯಿಬಿಟ್ಟು ಹೇಳಲಿಲ್ಲ. ತುಳಸಿ ಬಾಡಿದ ಮೇಲೆ ನಮಗೆ ಗೊತ್ತಾಯಿತು.

ಮರೆಗೆ ಇಷ್ಟು ಬೆಲೆ ಕೊಡುವ ನಾಡಿನಲ್ಲಿ ಈ ಪಾಡು ಹೇಗೆ ಬಂತು? ಹಳೆಯ ದೋಹಾದ ಮನೆ ಹೀಗಿರಲಿಲ್ಲ. ನಮ್ಮ ತೊಟ್ಟಿಮನೆಯಂತೆ ಅಂಗಳ ನಡುವೆ, ಕೋಣೆಗಳು ಸುತ್ತ. ಸಮುದ್ರದ ಕಲ್ಲು, ಮಣ್ಣು, ಜಿಪ್ಸಂ ಗಾರೆಯ ಗೋಡೆ. ಬೀದಿಯ ಕಡೆ ಕಿಟಕಿ ಅಪರೂಪ. ಗಂಡಸರ ಮಜ್ಲಿಸ್ ಬಾಗಿಲ ಬಳಿಯೇ, ಬಂದವರು ಒಳಗೆ ಇಣುಕುವ ಪ್ರಮೇಯವಿಲ್ಲ. ಅಂಗಳಕ್ಕೆ ಬೇಲಿ ಬೇಕಿರಲಿಲ್ಲ, ಮನೆಯೇ ಬೇಲಿ. ಇಂಥ ಕಟ್ಟಡ ಹೇಗಿತ್ತೆಂದು ನೋಡಬೇಕಾದರೆ ನ್ಯಾಷನಲ್ ಮ್ಯೂಸಿಯಂ ಆವರಣದಲ್ಲಿರುವ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಅವರ ಹಳೆಯ ಅರಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬಡವರದು ಖರ್ಜೂರದ ಗರಿಯ ಅರೀಶ್. ನಮ್ಮ ಕರಾವಳಿಯವರಿಗೆ ಮಡಲ ತಟ್ಟಿ ಎಂದರೆ ಸಾಕು.

1949ರಲ್ಲಿ ತೈಲದ ರಫ್ತು ಆರಂಭವಾಯಿತು. 1972ರಲ್ಲಿ ಬ್ರಿಟಿಷ್ ಸಂಸ್ಥೆ ಲೆವೆಲಿನ್-ಡೇವೀಸ್ ದೋಹಾ ನಗರಕ್ಕೆ ಯೋಜನೆ ಹಾಕಿತು. ನೇರ ರಸ್ತೆಗಳು, ಅಗಲ ನಿವೇಶನಗಳು, ಪ್ರತಿ ನಿವೇಶನದ ನಡುವೆ ಒಂದು ವಿಲ್ಲಾ. ಮನೆ ನಡುವಿಗೆ ಬಂತು, ಅಂಗಳ ಹೊರಗೆ ಹೋಯಿತು. ಮೊದಲು ಇಡೀ ಮನೆ ಮಾಡುತ್ತಿದ್ದ ಕೆಲಸ ಒಂಟಿ ಕಾಂಪೌಂಡ್ ಗೋಡೆಯ ಪಾಲಾಯಿತು. ಪಕ್ಕದವರು ಮಹಡಿ ಕಟ್ಟಿದ ದಿನ ಅದೂ ಸೋತಿತು.

ಈ ಜಗಳ ಹೊಸದಲ್ಲ. ದೋಹಾದಲ್ಲಿ 1871ರಿಂದ 1915ರವರೆಗೆ ತುರ್ಕಿ ಸೈನ್ಯ ಠಾಣ್ಯ ಹೂಡಿತ್ತಷ್ಟೆ. ಆ ಒಟ್ಟೋಮನ್ ಸರಕಾರ 1869ರಿಂದ 1876ರವರೆಗೆ ಸಿದ್ಧಪಡಿಸಿದ ಮೆಜೆಲ್ಲೆ ಎಂಬ ಕಾನೂನು ಸಂಹಿತೆಯಲ್ಲಿ ಅಡುಗೆಮನೆ, ಬಾವಿಕಟ್ಟೆ, ಅಂಗಳದಂಥ ಹೆಂಗಸರ ಜಾಗ ನೆರೆಯವನಿಗೆ ಕಾಣುವುದು ದೊಡ್ಡ ಹಾನಿ ಎಂದೇ ಬರೆದಿದೆ. ಹಣ್ಣಿನ ಮರ ಹತ್ತುವವನು ಪಕ್ಕದ ಮನೆಯವರಿಗೆ ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ಮರ ಹತ್ತದಂತೆ ನ್ಯಾಯಾಧೀಶ ತಡೆಯಬಹುದು! ಓದಿದಾಗ ಅಜ್ಜನ ಮನೆಯ ತೆಂಗಿನಕಾಯಿ ಕೀಳುವವ ನೆನಪಾದ. ಅವನೂ ಕೂಗು ಹಾಕಿಯೇ ಮರ ಹತ್ತುತ್ತಿದ್ದ.

ನಮ್ಮ ತಗಡು ಒಂದು ಬೇಸಗೆ ಬಾಳಲಿಲ್ಲ. ಶಮಾಲ್ ಗಾಳಿಗೆ ಒಂದೇ ರಾತ್ರಿ ಮಗುಚಿ ಬಿತ್ತು. ಪುಣ್ಯಕ್ಕೆ ಯಾರಿಗೂ ತಗಲಲಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಆಗ ನೆನಪಿಗೆ ಬಂತು! ಕೊಲ್ಲಿಯ ಹಳೆಯ ಮೇಸ್ತ್ರಿಗಳಿಗೆ ಇದು ಗೊತ್ತಿತ್ತು. ಬೇಸಗೆಯಲ್ಲಿ ಮನೆಮಂದಿ ಮಲಗುತ್ತಿದ್ದ ತಾರಸಿಯ ಮೋಟುಗೋಡೆಯಲ್ಲಿ ಎರಡು ತೆಳು ಹಲಗೆಗಲ್ಲುಗಳನ್ನು ಹಿಂದೆ ಮುಂದೆ ನಿಲ್ಲಿಸಿ ನಡುವೆ ಸಂದು ಬಿಡುತ್ತಿದ್ದರು. ಗಾಳಿ ಒಳಗೆ ಬರುತ್ತಿತ್ತು, ದೃಷ್ಟಿ ಬರುತ್ತಿರಲಿಲ್ಲ.

ಅದನ್ನೇ ನಾವು ಮರದಲ್ಲಿ ಮಾಡಿದೆವು. ಮಾಲೀಕರ ಒಪ್ಪಿಗೆ ಪಡೆದು, ಗೋಡೆಯ ಒಳಬದಿಗೆ ಕಬ್ಬಿಣದ ಕಂಬ ಬಿಗಿದು ಅಡ್ಡಪಟ್ಟಿ ಹಾಕಿಸಿದೆವು. ಪಟ್ಟಿಯ ಹೊರಗೆ 10 ಸೆಂಟಿಮೀಟರ್ ಹಲಗೆ, 7 ಸೆಂಟಿಮೀಟರ್ ಸಂದು; ಆ ಸಂದಿಗೆ ಎದುರಾಗಿ ಒಳಗೆ ಇನ್ನೊಂದು ಹಲಗೆ. ಮುಂದಿನ ಶಮಾಲ್‌ಗೆ ಅದು ಕಿರುಗುಟ್ಟಿತು, ಬೀಳಲಿಲ್ಲ. ಹಾಗಿದ್ದರೂ ಮಹಡಿಯ ಕಿಟಕಿಯಿಂದ ಅಂಗಳದ ನಡುಭಾಗ ಕಾಣುತ್ತಲೇ ಇತ್ತು. ಕುಂಡವನ್ನು ಆ ಗೋಡೆಯ ಬುಡಕ್ಕೇ ಸರಿಸಿಬಿಟ್ಟೆವು.

ಮರುವರ್ಷ ಅಮ್ಮ ಬಂದಾಗ ಬೆಳಗಿನ ಕಾಫಿಯನ್ನೂ ಅಲ್ಲಿಯೇ ತರಿಸಿಕೊಳ್ಳುತ್ತಿದ್ದರು. ಜುಲೈ ಬಿಸಿಲಿಗೆ ಮಾತ್ರ ತುಳಸಿಯನ್ನು ಒಳಗೆ ಒಯ್ಯಬೇಕಾಯಿತು.